ಹೊತ್ತು ಮುಳುಗುವ ಮುಂಚಿನ ಊಟ

ಖಾನಾಪುರದಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಬೆಳಗಾವಿಯ ಧನಪಾಲ, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ ಜೈನ. ಆದರೆ ಗಿರಾಕಿಯನ್ನು ಬಿಟ್ಟು ಬೇಗ ಹೊರಡುವವನೂ ಅಲ್ಲ. ದಿನಾ ಬೆಳಗಾವಿಗೆ ಮರಳುವ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗಲೇ ಸೂರ್ಯ ಜಾರಿಬಿಡುತ್ತಾನೆ. "ಡ್ರೋನ್ ಟ್ಯಾಕ್ಸಿ ಬರ್ಲಿ ತಡೀರಿ, ಹಾರಿ ಹೋಗಿ ಬಿಸಿ ರೊಟ್ಟಿ ತಿಂತೀನಿ" ಎಂದು ಪಕ್ಕದ ಸೀಟಿನವರಿಗೆಲ್ಲ ಹೇಳುತ್ತಾನೆ. ಅದು ಇಳಿಯಲೆಂದು ಸದಾಶಿವನಗರದ ಮನೆಯ ಮಾಳಿಗೆಯ ಮೇಲೆ ಸುಣ್ಣದಲ್ಲಿ ದುಂಡಗೆ ಗೆರೆ ಎಳೆದಿದ್ದಾನೆ; ಮಳೆ ಅಳಿಸಿದರೆ ಮತ್ತೆ ಎಳೆಯುತ್ತಾನೆ; ಹೆಂಡತಿ ಚಂಪಾಬಾಯಿಗೆ ಅಲ್ಲಿ ಹಪ್ಪಳ ಒಣಗಿಸಲೂ ಬಿಡುವುದಿಲ್ಲ. ಮೊನ್ನೆ ಅದೇನು ಪುಣ್ಯವೋ, ರಸ್ತೆ ಖಾಲಿಯಿತ್ತು. ಓಡುತ್ತಲೇ ಮನೆ ಹೊಕ್ಕು, "ತಾಟ ಹಚ್ಚು, ಇನ್ನೂ ಬಿಸಿಲೈತಿ!" ಎಂದ. ಒಲೆ ತಣ್ಣಗಿತ್ತು. "ಸಂಜೀಕ ನಿಮಗಂತ ಅಡಗಿ ಮಾಡೂದು ಬಿಟ್ಟು ಎರಡು ವರ್ಷಾತ್ರಿ" ಎಂದಳು ಚಂಪಾಬಾಯಿ. ಕಿಟಕಿಯಲ್ಲಿ ಇನ್ನೂ ಬೇಕಾದಷ್ಟು ಬೆಳಕಿತ್ತು.