ಹೆರದ ತಾಯಿಗೂ ನಲವತ್ತು ದಿನ

"ಬಂದ ನೋಡಿ, ಮೀಸೆಯ ಸೂಲಗಿತ್ತಿ!"

ಮುಂಬಯಿ ಹೊರವಲಯದ ದಿವಾ ಪೂರ್ವದಲ್ಲಿ ನಾಲ್ಕು ಮಹಡಿಯ ಕಟ್ಟಡ. ಬೆಳಗ್ಗೆ ಆರೂಕಾಲು. ಟ್ಯಾಂಕರ್ ಬಂದಿದೆ. ನೀಲಿ ಡ್ರಮ್ಮುಗಳ ಸುತ್ತ ಇಪ್ಪತ್ತು ಜನ ನಿಂತಿದ್ದಾರೆ. ಅಷ್ಟೂ ಜನಕ್ಕೆ ಕೇಳಲಿ ಎಂದೇ ಕೂಗಿದವಳು ಎರಡನೇ ಮಹಡಿಯ ಪುಷ್ಪಾವತಿ. ಅಷ್ಟಕ್ಕೇ ಬಿಡುವವಳಲ್ಲ. "ಅಲ್ಲ ಮಾರಾಯ, ಹೆರದವಳಿಗೆ ಎಂಥ ಬಾಣಂತನ? ಐದು ವರ್ಷದ ಹುಡುಗಿಯನ್ನು ಆಶ್ರಮದಿಂದ ಎತ್ತಿಕೊಂಡು ಬಂದದ್ದು. ಅದಕ್ಕೆ ಮೆಂತೆಗಂಜಿಯಂತೆ, ಲೇಹ್ಯವಂತೆ! ನಾಳೆ ತೊಟ್ಟಿಲೂ ಹೊತ್ತುಕೊಂಡು ಬಾ!"

ಎಲ್ಲರೂ ನಗುತ್ತಾರೆ. ಕನ್ನಡ ಬಾರದವರು ಏನಂತೆ ಎಂದು ಕೇಳುತ್ತಾರೆ, ಯಾರೋ ಹಿಂದಿಯಲ್ಲಿ ಬಿಡಿಸಿ ಹೇಳುತ್ತಾರೆ, ಮತ್ತೊಂದು ಸುತ್ತು ನಗು.

"ತೊಟ್ಟಿಲು ಲೋಕಲ್ಲಿಗೆ ಹಿಡಿಯುದಿಲ್ಲ ಪುಷ್ಪಕ್ಕ," ಎನ್ನುತ್ತಾನೆ ಗುಣಪಾಲ ಕರ್ಕಡ. ಐವತ್ತೆರಡರ ಆಳು, ದಪ್ಪ ಮೀಸೆ, ಎರಡೂ ಕೈಯಲ್ಲಿ ಸ್ಟೀಲಿನ ಕ್ಯಾರಿಯರ್. ಅಲ್ಲಿಂದ ಅರವತ್ತೊಂದು ಮೆಟ್ಟಿಲು ಹತ್ತಬೇಕು. ಲಿಫ್ಟಿನ ಗುಂಡಿ ತೋಡಿ ಬಿಟ್ಟಿದ್ದಾರೆ, ಲಿಫ್ಟ್ ಬಂದಿಲ್ಲ.

ಇದು ೨೦೧೨. ಗುಣಪಾಲ ಕೋಪರಖೈರಣೆಯ ಒಂದು ಲಂಚ್ ಹೋಮಿನಲ್ಲಿ ಅಡುಗೆಯವನು. ಮನೆ ಡೊಂಬಿವಲಿ. ನಾಲ್ಕಕ್ಕೆ ಏಳುತ್ತಾನೆ, ಮನೆಯ ಒಲೆಯಲ್ಲಿ ಕುಚ್ಚಲಕ್ಕಿ ಗಂಜಿ, ಕಾಳುಮೆಣಸಿನ ಸಾರು, ಬೆಳ್ಳುಳ್ಳಿ ಚಟ್ನಿ, ಜೀರಿಗೆ ಕಷಾಯ, ಮಗುವಿಗೆ ದೋಸೆಯೋ ಚಪಾತಿಯೋ ಮಾಡುತ್ತಾನೆ. ಐದು ಐವತ್ತರ ಸ್ಲೋ ಲೋಕಲ್ ಹಿಡಿದು ದಿವಾದಲ್ಲಿ ಇಳಿಯುತ್ತಾನೆ. ಬಡಿಸಿ, ಪಾತ್ರೆ ತೊಳೆದು ಮತ್ತೆ ರೈಲು. ದಿವಾದಲ್ಲಿ ಬೆಳಗ್ಗೆ ರೈಲು ಹತ್ತುವುದೆಂದರೆ ಎಂಥದ್ದು ಎಂದು ಹತ್ತಿದವರಿಗೇ ಗೊತ್ತು. ಠಾಣೆಯಲ್ಲಿ ಬದಲಿಸಿ ಒಂಬತ್ತಕ್ಕೆ ಹೋಟೆಲಿನಲ್ಲಿ ಇರಬೇಕು. ಹನ್ನೆರಡು ವರ್ಷಗಳಲ್ಲಿ ಹೀಗೆ ಇಪ್ಪತ್ತಮೂರು ಮನೆ, ಮನೆಗೆ ನಲವತ್ತು ದಿನ. ಮಗುವನ್ನು ದತ್ತು ತಂದ, ಸಾಕಲು ತಂದ ಮನೆಗಳು.

ಯಾಕೆ ಎಂದು ಕೇಳಿದರೆ ಅವನು ಹೆಂಡತಿ ಬಾಗಿಯ ಕಥೆ ಹೇಳುತ್ತಾನೆ.

ಎರಡು ಸಾವಿರದ ಇಸವಿಯಲ್ಲಿ ಗುಣಪಾಲ ಮತ್ತು ಬಾಗಿ ಎಂಟು ತಿಂಗಳ ಹೆಣ್ಣುಮಗುವನ್ನು ಮನೆಗೆ ತಂದರು. ಆಗ ಇವರಂಥ ಕ್ರೈಸ್ತರಿಗೆ ದತ್ತಿನ ಕಾಗದ ಸಿಗುತ್ತಿರಲಿಲ್ಲ. ಕೋರ್ಟು ಕೊಟ್ಟದ್ದು ಪಾಲಕರೆಂಬ ಕಾಗದ. ಅದರಲ್ಲಿ ಮಗುವನ್ನು ಮಗಳು ಎಂದಿರಲಿಲ್ಲ, ಪಾಲಕರ ವಶದಲ್ಲಿರುವ ವಾರ್ಡ್ ಎಂದಿತ್ತು. "ವಾರ್ಡ್ ಅಂತೆ! ನನ್ನ ಮನೆ ಎಂಥ, ಮುನ್ಸಿಪಾಲಿಟಿ ಆಸ್ಪತ್ರೆಯಾ?" ಎಂದು ಗುಣಪಾಲ ಈಗ ನಗುತ್ತಾನೆ. ಆಗ ನಕ್ಕಿರಲಿಲ್ಲ. ಮಗು ರಾತ್ರಿ ಹಗಲು ಅತ್ತಿತು. ನೆಂಟರು ಒಬ್ಬರೂ ಬರಲಿಲ್ಲ. ಬಾಗಿ ಹೆತ್ತಿದ್ದರೆ ಊರಿಂದ ಅತ್ತೆ ಬರುತ್ತಿದ್ದಳು, ಚಿಕ್ಕಮ್ಮ ಬರುತ್ತಿದ್ದಳು, ಎಣ್ಣೆ, ಬಿಸಿನೀರು, ಲೇಹ್ಯ, ಎಲ್ಲ ಬರುತ್ತಿತ್ತು. ಹೆರಲಿಲ್ಲ, ಹಾಗಾಗಿ ಏನೂ ಇಲ್ಲ. ಇಪ್ಪತ್ತನೇ ದಿನ ಬಾಗಿ ತಲೆ ತಿರುಗಿ ಅಡುಗೆಮನೆಯಲ್ಲೇ ಬಿದ್ದಳು. "ನಾನು ಹೋಟ್ಲಲ್ಲಿ ಊರಿಗೆಲ್ಲ ಬೇಯಿಸಿ ಹಾಕ್ತಾ ಇದ್ದೆ. ನನ್ನ ಹೆಂಡ್ತಿ ಚಾ-ಬಿಸ್ಕಿಟಿನಲ್ಲಿ ಇದ್ಳು. ಅವತ್ತು ನಂಗೆ ನಾಚಿಕೆ ಆಯ್ತು."

ಹೆತ್ತರೆ ಮಾತ್ರ ಸೊಂಟ ನೋಯುತ್ತದೆ ಎಂದು ಬರೆದಿಟ್ಟವರು ಯಾರು? ನಡೆಯುವ, ಒದೆಯುವ, ಕಚ್ಚುವ ಐದು ವರ್ಷದ ಮಗುವನ್ನು ಮೊದಲ ಸಲ ಎತ್ತಿಕೊಂಡವಳ ಸೊಂಟ ಏನು ಕಬ್ಬಿಣವೇ? ನಮ್ಮ ಜನ ನಾಮಕರಣಕ್ಕೆ ಐನೂರು ಎಲೆ ಹಾಕುತ್ತಾರೆ. ಈ ತಾಯಿಯ ಬಾಗಿಲಿಗೆ ಬಂದರೆ, "ಜಾತಿ ಯಾವುದಂತೆ? ಬಣ್ಣ ಸ್ವಲ್ಪ ಕಪ್ಪಲ್ವಾ?" ಎಂದು ಕೇಳಿ, ಕೊಟ್ಟ ಚಾ ಕುಡಿದು ಹೋಗುತ್ತಾರೆ.

ಗುಣಪಾಲನ ಸಭೆ ಸೇರುವುದು ಕಲ್ಯಾಣದ ಒಂದು ಶಾಲೆಯ ಹಾಲಿನಲ್ಲಿ, ಭಾನುವಾರ ಸಂಜೆ. ಕನ್ನಡ ಕ್ರೈಸ್ತರ ಸಣ್ಣ ಸಭೆ. ತಿಂಗಳ ಎರಡನೇ ಭಾನುವಾರ ಆರಾಧನೆ ಮುಗಿದ ಮೇಲೆ ಸಾಕುಮಕ್ಕಳ ಮನೆಯವರು ಉಳಿದುಕೊಳ್ಳುತ್ತಾರೆ. ಅದರಲ್ಲಿ ಹಿಂದೂ ಮನೆಯವರೂ ಇದ್ದಾರೆ. ಒಬ್ಬರು ರಜೆ ಹಾಕಿ ಹೊಸದಾಗಿ ಮಗು ತಂದವರ ಜೊತೆ ಕೋರ್ಟಿಗೆ ಹೋಗುತ್ತಾರೆ. ಒಬ್ಬರು ಶಾಲೆಯ ಅಡ್ಮಿಶನ್ನಿಗೆ ಓಡಾಡುತ್ತಾರೆ. ಒಬ್ಬಾಕೆ ವಾರಕ್ಕೆ ಎರಡು ಮಧ್ಯಾಹ್ನ ಮಗುವನ್ನು ನೋಡಿಕೊಳ್ಳುತ್ತಾಳೆ, ತಾಯಿ ಮಲಗಲಿ ಎಂದು. ಗುಣಪಾಲನ ಪಾಲಿಗೆ ಸೌಟು.

"ಯೇಸುಸ್ವಾಮಿಯನ್ನು ಒಬ್ಬ ಬಡಗಿ ಸಾಕಿದ. ಆ ಬಡಗಿಯ ಮನೆಗೆ ಯಾರಾದ್ರೂ ಗಂಜಿ ತಗೊಂಡು ಹೋದ್ರಾ, ಇಲ್ವಾ, ನಂಗೆ ಗೊತ್ತಿಲ್ಲ. ನಾನು ಇದ್ದಿದ್ರೆ ಹೋಗ್ತಿದ್ದೆ," ಎನ್ನುತ್ತಾನೆ. ಪ್ರಾರ್ಥನೆ ಮಾಡುತ್ತೀಯಾ ಎಂದರೆ: "ಕೇಳಿದ್ರೆ ಪ್ರಾರ್ಥನೆ. ಕೇಳದಿದ್ರೆ ಸಾರು." ಅಷ್ಟಾದರೂ ಈ ಕಟ್ಟಡದ ಕಮಿಟಿಯಲ್ಲಿ ಇವನ ಸಾರಿನ ಮೇಲೆ ಒಮ್ಮೆ ಚರ್ಚೆಯಾಗಿದೆ, ಇವನು ಅದರಲ್ಲಿ ಮತ ಬೆರೆಸುತ್ತಾನೆಂದು. ನೀರು ತರಿಸಲಾಗದ, ಲಿಫ್ಟು ಹಾಕಿಸಲಾಗದ ಕಮಿಟಿಗೆ ಒಂದು ಬಟ್ಟಲು ಸಾರಿನ ಚಿಂತೆ!

ಮೂರನೇ ಮಹಡಿಯಲ್ಲಿ ರತ್ನಾವತಿಯ ಮನೆ. ಗಂಡ ವಸಂತಕುಮಾರ ಠಾಣೆಯ ಹೋಟೆಲೊಂದರಲ್ಲಿ ಕ್ಯಾಪ್ಟನ್, ಬಡಿಸುವವರಿಗೆಲ್ಲ ಹಿರಿಯ. ಇಬ್ಬರೂ ಉಡುಪಿ ಕಡೆಯವರು. ಮದುವೆಯಾಗಿ ಹದಿನಾಲ್ಕು ವರ್ಷ. ಮುಕ್ತಾ ಎಂಬ ಹುಡುಗಿ ಮನೆಗೆ ಬಂದು ಇವತ್ತಿಗೆ ಮೂವತ್ತೊಂದು ದಿನ. ಕೋರ್ಟಿನ ಆದೇಶ ಇನ್ನೂ ಆಗಿಲ್ಲ. ಅದುವರೆಗೆ ಇದು ಸಾಕುವ ಮನೆ ಮಾತ್ರ, ಬೇಡವೆಂದರೆ ವಾಪಸ್ ಕೊಡಬಹುದು.

ಗುಣಪಾಲ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ರತ್ನಾವತಿ ಒಂದು ದಿಂಬು ತಂದು ಅವನ ಮುಂದೆ ಕೊಡವುತ್ತಾಳೆ. ಚಪಾತಿ ತುಂಡು, ಬೂಸಲು ಹಿಡಿದ ಅನ್ನ, ಇರುವೆ.

"ನೋಡಿ ಗುಣಪಾಲಣ್ಣ. ನಾನು ಇವಳಿಗೆ ಉಣ್ಣಲಿಕ್ಕೆ ಕೊಡುದಿಲ್ವಾ? ಕದ್ದು ಇಡ್ತಾಳೆ. ಕೇಳಿದ್ರೆ ಮಾತಿಲ್ಲ. ಅಳುದೂ ಇಲ್ಲ. ಒಂದು ತಿಂಗಳಲ್ಲಿ ನನ್ನನ್ನು ಏನಂತಲೂ ಕರೀಲಿಲ್ಲ. ನಾನು ಪ್ರಣೀತಾ ಮೇಡಮ್‌ಗೆ ಫೋನ್ ಮಾಡಿ ಆಯ್ತು. ಬರುವ ವಾರ ಶನಿವಾರ ವಾಪಸ್ ಕಾಗದ ತರ್ತಾರೆ."

ಪ್ರಣೀತಾ ದತ್ತು ಸಂಸ್ಥೆಯ ಸಮಾಜ ಕಾರ್ಯಕರ್ತೆ. ಆ ಶನಿವಾರ ನಲವತ್ತನೇ ದಿನ.

ಗುಣಪಾಲ ಕ್ಯಾರಿಯರ್ ಬಿಚ್ಚಿ ಬಡಿಸುತ್ತಾನೆ. ಇಪ್ಪತ್ತಮೂರು ಮನೆಗಳಲ್ಲಿ ಎರಡು ಮನೆಯವರು ಮಗುವನ್ನು ಹಿಂದಕ್ಕೆ ಕೊಟ್ಟಿದ್ದಾರೆ. "ಆ ಎರಡು ಮಕ್ಕಳು ಕೊನೆಯ ದಿನ ಏನು ತಿಂದವು ಕೇಳಿ, ಹೇಳ್ತೇನೆ. ಒಬ್ಬ ನೀರುದೋಸೆ. ಮತ್ತೊಬ್ಳು ಗಂಜಿ ಮುಟ್ಲಿಲ್ಲ," ಎನ್ನುತ್ತಾನೆ ಆ ಮಾತು ಬಂದಾಗಲೆಲ್ಲ.

ಮುಕ್ತಾ ತಲೆ ತಗ್ಗಿಸಿ ತಿನ್ನುತ್ತಾಳೆ. ಒಂದು ಗಳಿಗೆ ಕೈ ನಿಲ್ಲುತ್ತದೆ. ಅಂಗಿಯ ಗುಂಡಿ ಹಾಕುತ್ತಾ ಅತ್ತ ಹೋಗುತ್ತಿದ್ದ ವಸಂತಕುಮಾರ ನೋಡದೆಯೇ ಬಗ್ಗಿ ತಟ್ಟೆ ಎತ್ತುತ್ತಾನೆ. ಅದೇ ಕ್ಷಣ ಹುಡುಗಿಯ ಎಡಗೈ ಚಪಾತಿಯ ಚೂರನ್ನು ಫ್ರಾಕಿನೊಳಗೆ ತುರುಕುತ್ತದೆ. ಮುಖ ಮಾತ್ರ ಹಾಗೇ, ಕಲ್ಲಿನ ಹಾಗೆ.

ಗುಣಪಾಲನಿಗೆ ಕಪಾಳಕ್ಕೆ ಬಿದ್ದ ಹಾಗಾಗುತ್ತದೆ.

ನಮ್ಮ ಹೋಟೆಲುಗಳಲ್ಲಿ ಗಿರಾಕಿಯ ಕೈ ತಟ್ಟೆಯಿಂದ ಒಂದು ಗೇಣು ಮೇಲೆ ಹೋದರೆ ಸಾಕು, ತಟ್ಟೆ ಮಾಯ. ಹೊರಗೆ ನಾಲ್ಕು ಜನ ಕಾಯುತ್ತಿರುತ್ತಾರೆ. ಹದಿನೆಂಟು ವರ್ಷ ಅದೇ ಮಾಡಿದ ಕೈಗೆ ಮನೆ ಯಾವುದು, ಹೋಟೆಲ್ ಯಾವುದು ತಿಳಿಯುವುದಿಲ್ಲ. ಈ ಹುಡುಗಿ ಬೆಳೆದದ್ದು ಅರವತ್ತು ಮಕ್ಕಳು ಮೂರು ಪಂಕ್ತಿಯಲ್ಲಿ ಉಣ್ಣುವ ಜಾಗದಲ್ಲಿ. ಅಲ್ಲಿ ಎತ್ತಿದ ತಟ್ಟೆ ಮತ್ತೆ ಬರುವುದಿಲ್ಲ. ವಸಂತನನ್ನು ಬೈಯುವುದೇನು? ರೈಲು ತಪ್ಪೀತೆಂದು ಮೂವತ್ತು ದಿನ ಆ ತಟ್ಟೆಯನ್ನು ಎಳೆದುಕೊಂಡು ತೊಳೆದವನು ಗುಣಪಾಲನೇ.

"ವಸಂತ, ತಟ್ಟೆ ಕೆಳಗೆ ಇಡು."

"ಎಂಥ?"

"ಇಡು ಮಾರಾಯ. ಟೇಬಲ್ ಖಾಲಿ ಮಾಡ್ಲಿಕ್ಕೆ ಇಲ್ಲಿ ಯಾರೂ ಕ್ಯೂ ನಿಂತಿಲ್ಲ. ಅವಳು ಎದ್ದು ಹೋಗುವವರೆಗೆ ಯಾರೂ ಮುಟ್ಟಬಾರದು. ನಾನೂ ಮುಟ್ಟುದಿಲ್ಲ."

ತಟ್ಟೆ ವಾಪಸ್ ಬಂದದ್ದನ್ನು ಮುಕ್ತಾ ಬಹಳ ಹೊತ್ತು ನೋಡುತ್ತಾಳೆ. ಆಮೇಲೆ ತಿನ್ನುತ್ತಾಳೆ. ಐವತ್ತು ನಿಮಿಷ. ಗುಣಪಾಲನಿಗೆ ಎರಡು ಲೋಕಲ್ ತಪ್ಪುತ್ತವೆ. ಹೋಟೆಲ್ ಮಾಲೀಕ ಫೋನಿನಲ್ಲಿ ಬೈದದ್ದು ರತ್ನಾವತಿಗೂ ಕೇಳಿಸುತ್ತದೆ.

ಮೂವತ್ತನಾಲ್ಕನೇ ದಿನ ಮುಕ್ತಾ ಅರ್ಧ ದೋಸೆ ಬಿಟ್ಟು ಕಿಟಕಿಗೆ ಹೋಗುತ್ತಾಳೆ, ಓಡಿ ಬಂದು ದೋಸೆ ಇದೆಯೇ ಎಂದು ನೋಡುತ್ತಾಳೆ. ಇದೆ. ಮತ್ತೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ. ಒಂಬತ್ತು ಸಲ. ಮರುದಿನ ದಿಂಬಿನೊಳಗೆ ಏನೂ ಇಲ್ಲ. ಗುಣಪಾಲ ಖುಷಿಯಿಂದ ರತ್ನಾವತಿಯ ಮುಖ ನೋಡಿದರೆ ಅಲ್ಲಿ ಖುಷಿ ಇಲ್ಲ.

"ಬೇಕಾದಾಗ ತಟ್ಟೆ ಹಿಡಿಯುದು ಯಾರ ಹತ್ರ? ನಿಮ್ಮ ಹತ್ರ," ಎನ್ನುತ್ತಾಳೆ. ಸಿಟ್ಟಿಗಿಂತ ಸುಸ್ತು ಹೆಚ್ಚಿರುವ ಸ್ವರ. "ನಾನು ಮೀಯಿಸುದು, ಒಗೆಯುದು. ಆಯಾ ಅಷ್ಟೆ. ನಿಮ್ಮ ನಲವತ್ತು ದಿನ ಮುಗೀತದೆ, ನೀವು ಹೋಗ್ತೀರಿ. ಆಮೇಲೆ ಅವಳು ಯಾರನ್ನು ಹುಡುಕುದು?"

ಹನ್ನೆರಡು ವರ್ಷದ ಮೇಲೆ ಒಬ್ಬ ಹೆಂಗಸು ಗುಣಪಾಲನ ಅಡುಗೆಯ ತಪ್ಪು ಹೇಳಿದ್ದಾಳೆ, ಉಪ್ಪು-ಹುಳಿಯದ್ದಲ್ಲದ ತಪ್ಪು. ಅಂದು ಠಾಣೆಯಲ್ಲಿ ರೈಲು ಬದಲಿಸುವಾಗ ಮೆಟ್ಟಿಲ ಮೇಲೆ ನಿಂತುಬಿಡುತ್ತಾನೆ, ಹಿಂದಿನವರು ಬೈದು ನೂಕುವವರೆಗೆ.

ಮೂವತ್ತಾರನೇ ದಿನ ಅವನು ಕ್ಯಾರಿಯರ್ ತರುವುದಿಲ್ಲ. ಚೀಲದಲ್ಲಿ ಅಕ್ಕಿ, ಮೆಂತೆ, ಬೆಲ್ಲ, ತೆಂಗಿನಕಾಯಿ. ಅಡುಗೆಮನೆಗೆ ಬೆನ್ನು ಹಾಕಿ ಹಾಲಿನ ನೆಲದ ಮೇಲೆ ಕೂತುಬಿಡುತ್ತಾನೆ. "ಒಲೆ ನಿಮ್ಮದು. ನಾನು ಇಲ್ಲಿಂದ ಬಾಯಲ್ಲಿ ಮಾತ್ರ." ರತ್ನಾವತಿ ಗೊಣಗುತ್ತಾ ಬೇಯಿಸುತ್ತಾಳೆ. ಮೊದಲ ದಿನ ಗಂಜಿ ತಳ ಹಿಡಿಯುತ್ತದೆ. ಮುಕ್ತಾ ತಟ್ಟೆ ಹಿಡಿದು ಗುಣಪಾಲನ ಮುಂದೆ ನಿಲ್ಲುತ್ತಾಳೆ. ಅವನು ಖಾಲಿ ಕೈ ತೋರಿಸುತ್ತಾನೆ. ಅವಳು ಹಸಿವಿನಲ್ಲಿ ಕಾಲು ಗಂಟೆ ಅಲ್ಲೇ ನಿಲ್ಲುತ್ತಾಳೆ. ಅವನು ಕೈ ಮಡಿಸಿ ಕೂರುತ್ತಾನೆ. ಆ ಕಾಲು ಗಂಟೆ ತನ್ನ ಜೀವನದಲ್ಲೇ ಕಷ್ಟದ್ದು ಎನ್ನುತ್ತಾನೆ. "ಸಾರು ಬಡಿಸುದು ಸುಲಭ. ಬಡಿಸದೆ ಕೂರುದು ನಂಗೆ ಯಾರೂ ಕಲಿಸಿರ್ಲಿಲ್ಲ." ಕೊನೆಗೆ ಹುಡುಗಿ ಅಡುಗೆಮನೆಯ ಹೊಸ್ತಿಲವರೆಗೆ ಹೋಗಿ ತಟ್ಟೆಯನ್ನು ಅಲ್ಲೇ ನೆಲಕ್ಕಿಟ್ಟು ಬರುತ್ತಾಳೆ. ರತ್ನಾವತಿ ಅದಕ್ಕೆ ಬಡಿಸುತ್ತಾಳೆ. ಇಬ್ಬರೂ ಮುಖ ನೋಡಿಕೊಳ್ಳುವುದಿಲ್ಲ. ಮುಂದಿನ ಮೂರು ದಿನವೂ ಅಷ್ಟೇ.

ನಲವತ್ತನೇ ದಿನ, ಶನಿವಾರ. ಪ್ರಣೀತಾ ಒಂಬತ್ತೂವರೆಗೆ ಬರುತ್ತಾಳೆ, ಫೈಲಿನಲ್ಲಿ ಕಾಗದವಿದೆ. ಗುಣಪಾಲ ಇವತ್ತು ತಡವಾಗುತ್ತದೆಂದು ಹೋಟೆಲಿಗೆ ಮೊದಲೇ ಹೇಳಿಟ್ಟಿದ್ದಾನೆ; ವಸಂತಕುಮಾರ ರಜೆ ಹಾಕಿ ಗೋಡೆಗೆ ಒರಗಿ ನಿಂತಿದ್ದಾನೆ. ಕಟ್ಟಡದ ಜನಕ್ಕೆ ಸುದ್ದಿ ಹೋಗಿದೆ, ಪುಷ್ಪಾವತಿ ಇನ್ನಿಬ್ಬರ ಜೊತೆ ತೆರೆದ ಬಾಗಿಲಲ್ಲೇ ನಿಂತಿದ್ದಾಳೆ.

"ರತ್ನಾವತಿಯವರೇ, ಏನು ನಿರ್ಧಾರ?" ಎಂದು ಪ್ರಣೀತಾ ಹಿಂದಿಯಲ್ಲಿ ಕೇಳುತ್ತಾಳೆ.

ರತ್ನಾವತಿ ಸೆರಗಿನಲ್ಲಿ ಕೈ ಒರೆಸುತ್ತಾ ನಿಲ್ಲುತ್ತಾಳೆ. ಗುಣಪಾಲ ತನ್ನ ಚೀಲ ಮಡಚುತ್ತಾನೆ. ಅವನ ಲೆಕ್ಕದ ದಿನ ಮುಗಿಯಿತು. ಚೀಲ ಮಡಚುವುದನ್ನು ಕಂಡು ಮುಕ್ತಾ ಎದ್ದು ಬರುತ್ತಾಳೆ. ನಲವತ್ತು ದಿನದಲ್ಲಿ ಆ ಮನೆಯಲ್ಲಿ ಅವಳ ಪೂರ್ತಿ ವಾಕ್ಯವೊಂದು ಕೇಳುವುದು ಇದೇ ಮೊದಲು. ಅವಳ ಮರಾಠಿಯಲ್ಲೇ.

"ಕಾಕಾ, ಉದ್ಯಾ ಜೇವಣ ಕೋಣ್ ದೇಣಾರ್?"

ನಾಳೆ ಊಟ ಯಾರು ಕೊಡುತ್ತಾರೆ?

ಎಲ್ಲರೂ ಅವನನ್ನೇ ನೋಡುತ್ತಾರೆ. ಪ್ರಣೀತಾಳ ಪೆನ್ನು ನಿಂತಿದೆ. ಗುಣಪಾಲನ ನಾಲಗೆಯ ತುದಿಗೆ ಮಾತು ಬಂದಿದೆ, ಸಮಾಧಾನದ ಮಾತು, ಯಾರಾದರೂ ಹೇಳುವಂಥದ್ದು. ಅವನು ಹೇಳಿದರೆ ಮಗು ನಾಳೆಯೂ ಅವನ ದಾರಿ ಕಾಯುತ್ತದೆ. ಹಲ್ಲು ಕಚ್ಚಿ ತಿರುಗುತ್ತಾನೆ. ಬಾಗಿಲಲ್ಲಿ ನಿಂತವರು ಜಾಗ ಬಿಡುತ್ತಾರೆ. ಚಪ್ಪಲಿ ಮೆಟ್ಟುತ್ತಾನೆ.

"ಅಯ್ಯೋ, ಮಗು ಕೇಳ್ತಾ ಉಂಟಲ್ಲ, ಒಂದು ಮಾತು ಹೇಳಿ ಹೋಗು ಮಾರಾಯ!" ಎನ್ನುತ್ತಾಳೆ ಪುಷ್ಪಾವತಿ.

ಅವನು ಇಳಿಯುತ್ತಾನೆ. ಒಂದು ಮಹಡಿ ದಾಟಿದಾಗ ಮೇಲಿನಿಂದ ರತ್ನಾವತಿಯ ಸ್ವರ, ಒಡೆದ ಮರಾಠಿಯಲ್ಲಿ, ಜಗಳಕ್ಕೆ ಬಂದವಳ ಹಾಗೆ ಗಟ್ಟಿಯಾಗಿ:

"ಮೀ ದೇಣಾರ್. ಮೀಚ್! ನಾನೇ ಕೊಡುದು. ನಾಳೆಯೂ ನಾನೇ, ನಾಡಿದ್ದೂ ನಾನೇ. ಮೇಡಮ್, ಆ ಕಾಗದ ಒಳಗೆ ಇಡಿ."

ಗುಣಪಾಲ ನಿಲ್ಲುವುದಿಲ್ಲ, ತಲೆ ಎತ್ತಿ ನೋಡುವುದೂ ಇಲ್ಲ. ಇನ್ನೂ ಎರಡು ಮಹಡಿ ಇಳಿಯಲಿಕ್ಕೆ ಉಂಟು, ರೈಲು ಹಳಿಯ ಫಾಟಕ ಬಿದ್ದರೆ ಲೋಕಲ್ ತಪ್ಪುತ್ತದೆ.