ಮೆಟ್ಟಿಲು ಹತ್ತುವಾಗ ಮಾತ್ರ ಬರುತ್ತಿದ್ದ ಹಲ್ಲುನೋವು

ಮೊನ್ನೆ ಇಲ್ಲಿ ಬರೋಡಾದ ನಮ್ಮ ಆಫೀಸಿಗೆ ಪಕ್ಕದ ಮೇಜಿನ ಗುಜರಾತಿ ಹೆಂಗಸು ದವಡೆಯಲ್ಲಿ ಲವಂಗದ ಎಣ್ಣೆಯ ಹತ್ತಿ ಒತ್ತಿಕೊಂಡು ಬಂದಿದ್ದರು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಕೇಳಿಬಿಟ್ಟೆ: "ಮೆಟ್ಟಿಲು ಹತ್ತುವಾಗ ಜಾಸ್ತಿ ನೋಯುತ್ತದಾ?" ಅವರು ನನ್ನನ್ನು ವಿಚಿತ್ರವಾಗಿ ನೋಡಿ, ಇಲ್ಲ, ತಣ್ಣೀರು ಕುಡಿದರೆ ಅಂದರು. ಹಾಗಾದರೆ ಅದು ಹಲ್ಲುನೋವೇ. ನನಗೆ ಸಮಾಧಾನವಾಯಿತು. ಆದರೆ ಟೈಪ್ ಮಾಡಲು ಕೂತರೆ ಕೈ ಓಡಲಿಲ್ಲ... ಹೋಟೆಲ್ ಕಾಕು ನೆನಪಾಗಿ ಕಣ್ಣೆದುರಿಗೆ ಬಂದು ನಿಂತಿದ್ದಳು.

ಕಾಕು ಅಂದರೆ ನಮ್ಮ ಧಾರವಾಡದ ಕಡೆ ಚಿಕ್ಕಮ್ಮ. ನೆರೆಮನೆಯ ಹಿರಿಯ ಹೆಂಗಸರನ್ನೂ ಹಾಗೇ ಕರೆಯುತ್ತೇವೆ. ಇವಳು ಮಾತ್ರ ಉಡುಪಿ ಕಡೆಯವಳು. ಅಪ್ಪನಿಗೆ ರೈಲ್ವೆಯಲ್ಲಿ ಅಹಮದಾಬಾದಿಗೆ ವರ್ಗವಾದಾಗ ನಾವು ಕಾಲೂಪುರ ಸ್ಟೇಷನ್ ಹತ್ತಿರದ ಒಂದು ಹಳೇ ಕಟ್ಟಡದಲ್ಲಿದ್ದೆವು. ಕೆಳಗೆ ಅವರ ಹೋಟೆಲು, ನಡುವೆ ನಾವು, ಮೇಲೆ ಅವರ ಮನೆ. ಸಂಜೆ ಅವಳೂ ಅಮ್ಮನೂ ಸಾಬರಮತಿಯ ದಡದವರೆಗೆ ನಡೆದು ಹೋಗಿ, ತರಕಾರಿಗಿಂತ ಹೆಚ್ಚು ಸುದ್ದಿ ಹೊತ್ತುಕೊಂಡು ಬರುತ್ತಿದ್ದರು.

ಆ ನಡಿಗೆ ಒಂದು ದೀಪಾವಳಿಗೆ ನಿಂತುಹೋಯಿತು. ಅವಳ ಗಂಡ, ನಮ್ಮ ಹೋಟೆಲ್ ಕಾಕಾ, ದುಡ್ಡು ಎಣಿಸುವ ಗಲ್ಲೆಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ಕುಸಿದರು. ಹಾರ್ಟ್ ಅಟ್ಯಾಕ್. ಬದುಕಿಕೊಂಡರು, ಆದರೆ ಡಾಕ್ಟರರು ಎಣ್ಣೆ, ತುಪ್ಪ, ಉಪ್ಪು, ಬೀಡಿ, ಸಿಟ್ಟು, ಮೆಟ್ಟಿಲು ಎಲ್ಲವೂ ಬೇಡ ಅಂದರು. ಕಾಕು ಅಷ್ಟನ್ನೂ ಅಕ್ಷರಶಃ ಪಾಲಿಸಿದಳು. ಕಾಕಾನಿಗೆ ಬೇಯಿಸಿದ ಸಪ್ಪೆ ಅಡಿಗೆ ಬೇರೆ ಒಲೆಯ ಮೇಲೆ. ಗಲ್ಲೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಇವಳೇ. ನಡುನಡುವೆ ಮೇಲೆ ಹತ್ತಿ ಔಷಧಿ ಕೊಟ್ಟು ಬರುವುದು. ರಾತ್ರಿ ಗಂಡನ ಉಸಿರು ಕೇಳಿಸಿಕೊಳ್ಳುತ್ತ ಅರೆನಿದ್ದೆ.

ಅವಳ ಊಟ? ಮಧ್ಯಾಹ್ನದ ರಶ್ಶು ಮುಗಿದ ಮೇಲೆ ಉಳಿದ ವಡೆ, ಬಜ್ಜಿ, ಡಾಲ್ಡಾ ಸುರಿದ ಉಪ್ಪಿಟ್ಟು. ಮೊದಲು ಇದನ್ನು ಇಬ್ಬರೂ ಹಂಚಿಕೊಳ್ಳುತ್ತಿದ್ದರು. ಈಗ ಕಾಕಾನ ಪಾಲೂ ಇವಳ ತಟ್ಟೆಗೆ. ಅನ್ನ ಎಸೆಯಬಾರದು ಎಂಬ ಮನೆ ಅದು. ಗಂಡನ ಹೃದಯಕ್ಕೆ ವಿಷ ಅಂತ ಡಾಕ್ಟರರು ಹೇಳಿದ್ದನ್ನೆಲ್ಲ ಅವಳು ದಿನಾ ಕೂತು ತಿಂದು ಮುಗಿಸುತ್ತಿದ್ದಳು. ನಮಗ್ಯಾರಿಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಮುಂದಿನ ಬೇಸಿಗೆಗೆ ಅವಳು ದಪ್ಪಗಾಗಿದ್ದಳು. ನಮ್ಮ ಬಾಗಿಲ ಮುಂದೆ ಮೆಟ್ಟಿಲಲ್ಲಿ ನಿಂತುಬಿಡುತ್ತಿದ್ದಳು, ಕೈಯಲ್ಲಿ ದವಡೆ ಹಿಡಿದು, ಹಣೆ ತುಂಬ ಬೆವರು.

"ಯಾಕ್ರೀ, ಏನಾತು?" ಅಮ್ಮ ಕೇಳಿದಳು.

"ಎಂತ ಇಲ್ಲ ಮಾರಾಯ್ತಿ, ಈ ಹಾಳು ಹಲ್ಲು. ಗಲ್ಲೆಯಲ್ಲಿ ಕೂತಾಗ ಸುಮ್ಮನಿರ್ತದೆ. ಮೆಟ್ಲು ಕಂಡ ಕೂಡ್ಲೆ ಶುರು."

"ಎಲ್ಲಾರ ಹಲ್ಲು ತಿನ್ನೂವಾಗ ನೋಯ್ತಾವ, ನಿಮ್ಮದು ನಡಿಯೂವಾಗ. ಹಲ್ಲಿಗೇನು ಕಾಲು ಅದಾವೇನ್ರಿ?"

"ನನ್ನ ಹಲ್ಲಲ್ವಾ, ನನ್ನ ಹಾಗೇ ಸೋಮಾರಿ. ಕೂತ್ರೆ ಸುಖ!"

ಇಬ್ಬರೂ ನಕ್ಕರು. ನಾನೂ ನಕ್ಕೆ. ಬೆವರು, ಸುಸ್ತು, ನಿದ್ದೆ ಬಾರದ್ದು... ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇದೆಲ್ಲ ಇದ್ದದ್ದೇ ಅಂತ ಅಮ್ಮ ಹೇಳಿದಳು. ಪ್ರತಿ ತಿಂಗಳು ಕಾಕಾನನ್ನು ನೋಡಲು ಬರುತ್ತಿದ್ದ ಡಾಕ್ಟರರಿಗೆ ಕಾಫಿಯನ್ನು ಹೋಟೆಲಿನಿಂದ ಅವಳೇ ಮೇಲೆ ಹೊತ್ತು ತರುತ್ತಿದ್ದಳು. ಅವರು ಕಾಕಾನ ಎದೆಯ ಸದ್ದು ಕೇಳಿ, ಇವಳ ಕೈಯಿಂದ ಲೋಟ ತೆಗೆದುಕೊಂಡು, ಹಲ್ಲು ಕೀಳಿಸಿಬಿಡಿ ಅಂದರು.

ಕೀಳಿಸಿದಳು. ವಾರ ಕಳೆಯಿತು, ಗಾಯ ಮಾಗಿತು. ಒಂದು ಸಂಜೆ ಮತ್ತೆ ಅದೇ ಜಾಗದಲ್ಲಿ, ಅದೇ ದವಡೆ ಹಿಡಿದು ನಿಂತಿದ್ದಳು. "ಪಕ್ಕದ್ದೂ ಹಾಳಾಗಿದೆ ಕಾಣ್ತದೆ," ಅಂದಳು. ಈ ಸಲ ನಗಲಿಲ್ಲ.

ನನಗೆ ಆಗ ದೇಹದ ಬಗ್ಗೆ ಬರೆದ ಪುಸ್ತಕಗಳನ್ನು ಲೈಬ್ರರಿಯಿಂದ ತಂದು, ಇಂಗ್ಲಿಷಿನ ಒಂದೊಂದೇ ಶಬ್ದ ಬಿಡಿಸಿಕೊಂಡು ಓದುವ ಹುಚ್ಚು. ಅಂಥದ್ದೊಂದರಲ್ಲಿ ಒಂದೇ ಒಂದು ಸಾಲು ಸಿಕ್ಕಿತು. ಹೃದಯದ ನೋವು ಕೆಲವೊಮ್ಮೆ ಎದೆ ಬಿಟ್ಟು ದವಡೆಯಲ್ಲೋ ಬೆನ್ನಲ್ಲೋ ಕಾಣಿಸುತ್ತದೆ, ಶ್ರಮಪಟ್ಟಾಗ ಬಂದು ಕೂತಾಗ ಹೋಗುತ್ತದೆ. ಓದಿದವಳೇ ಕೆಳಗೆ ಓಡಿದೆ. ಗಲ್ಲೆಯ ಪಕ್ಕ ನಿಂತು ಒಂದೇ ಉಸಿರಿಗೆ ಹೇಳಿದೆ.

"ಅಯ್ಯೋ ಹುಡುಗಿ! ಈ ಮನೆಗೆ ಹಾರ್ಟ್ ಪೇಶಂಟ್ ಒಬ್ರು ಸಾಕಲ್ವಾ? ನಾನೂ ಮಲಗಿದ್ರೆ ಇಲ್ಲಿ ಕೂರುವುದು ಯಾರು, ನಿನ್ನಮ್ಮನಾ?"

ನಾನು ಬಿಡಲಿಲ್ಲ. ಅಮ್ಮನೂ ಬೆನ್ನು ಹತ್ತಿದಳು. ಕೊನೆಗೆ ಕಾಕು ಒಪ್ಪಿದಳು: ಮುಂದಿನ ವಾರ ಕಾಕಾನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹೃದಯದ ಪಟ್ಟಿ, ಅಂದರೆ ಇಸಿಜಿ, ತೆಗೆಸುವುದಿತ್ತು. "ಇವರದ್ದು ಒಮ್ಮೆ ಮುಗೀಲಿ. ಆಮೇಲೆ ನನ್ನದೂ ನೋಡ್ಲಿ, ಆಯ್ತಾ?"

ಆ ದಿನ ನಾನೂ ಜೊತೆಗೆ ಹೋಗಿದ್ದೆ. ಪಟ್ಟಿ ತೆಗೆಯುವ ಕೋಣೆ ಮೇಲಿನ ಮಹಡಿಯಲ್ಲಿ. ಹೃದಯದ ರೋಗಿ ಮೆಟ್ಟಿಲು ಹತ್ತಬಾರದಲ್ಲ, ಕಾಕಾನನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತರು. ಕುರ್ಚಿ ಓಲಾಡಬಾರದು ಅಂತ ಕಾಕು ಅವರ ಹಿಂದೆಯೇ, ಒಂದು ಕೈ ಕುರ್ಚಿಯ ಬೆನ್ನಿಗೆ ಕೊಟ್ಟು, "ಧೀರೇ, ಧೀರೇ, ನಿಧಾನ" ಅನ್ನುತ್ತ ಹತ್ತಿದಳು. ಅರ್ಧದಲ್ಲಿ ಅವಳ ಇನ್ನೊಂದು ಕೈ ದವಡೆಗೆ ಹೋಯಿತು. ನಿಲ್ಲು ಕಾಕು ಅಂದೆ. ತಲೆಯಾಡಿಸಿದಳು, ನಿಲ್ಲಲಿಲ್ಲ.

ಕಾಕಾನನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದರು. ಅವಳು ಬೆಂಚಿನ ಮೇಲೆ ಕೂತಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಈ ಸಲ ಕೂತರೂ ನೋವು ಹೋಗಲಿಲ್ಲ. "ವಾಂತಿ ಬರ್ತದೆ," ಅಂದಳು. ನಾನು ನರ್ಸಮ್ಮನನ್ನು ಕೂಗುತ್ತಲೇ ಇದ್ದೆ, ಅವಳು ನನ್ನ ಭುಜಕ್ಕೆ ಒರಗಿ ಭಾರವಾದಳು... ಬಾಗಿಲು ತೆರೆದಾಗ ಒಳಗಿಂದ ಮೊದಲು ಕೇಳಿಸಿದ್ದು ಡಾಕ್ಟರರ ದನಿ. ಕಾಕಾನ ಹೃದಯ ಈಗ ಚೆನ್ನಾಗಿದೆ ಅನ್ನುತ್ತಿತ್ತು.

ಡಾಕ್ಟರರು ಓಡಿ ಬಂದರು, ಎದೆ ಒತ್ತಿದರು, ಸೂಜಿ ಚುಚ್ಚಿದರು. ಅವಳು ಉಳಿಯಲಿಲ್ಲ. ಹೃದಯಾಘಾತ ಅಂತ ಆಮೇಲೆ ಬಂದ ಅಪ್ಪನಿಗೆ ಹೇಳಿದರು. ಅಪ್ಪ ಮತ್ತು ಹೋಟೆಲಿನವರು ಸೇರಿ ಅದನ್ನು ಕಾಕಾನಿಂದ ಮುಚ್ಚಿಟ್ಟರು. ಕೇಳಿದರೆ ಅವರ ಹೃದಯ ತಡೆಯುವುದಿಲ್ಲ ಅಂತ ಭಯ. ಕಿತ್ತ ಹಲ್ಲಿನ ನಂಜು ತಲೆಗೇರಿತು ಅಂದುಬಿಟ್ಟರು. ಅವಳು ಸತ್ತ ಕಾರಣವನ್ನೂ ಅವರ ಪಥ್ಯಕ್ಕೆ ತಕ್ಕಂತೆ ಸಪ್ಪೆ ಮಾಡಿ ಬಡಿಸಿದೆವು.

ಕಾಕಾ ಈಗ ಸೂರತ್ತಿನಲ್ಲಿ ತಮ್ಮನ ಹೋಟೆಲಿನ ಮೇಲಿನ ಕೋಣೆಯಲ್ಲಿದ್ದಾರೆ. ಲವಂಗದ ವಾಸನೆ ತಲೆಯಿಂದ ಹೋಗಲೇ ಇಲ್ಲ. ಭಾನುವಾರ ರೈಲು ಹತ್ತಿ ಅವರನ್ನು ನೋಡಲು ಹೋದೆ. ಚೆನ್ನಾಗಿದ್ದಾರೆ. ತಾಪಿ ನದಿಯ ಕಡೆ ದಿನಾ ನಡೆದು ಬರುತ್ತಾರಂತೆ. "ಆ ಹಲ್ಲು ಕೀಳಿಸಬಾರದಿತ್ತು ಮಗಾ," ಅಂದರು, ನಾನು ಕೂತ ಕೂಡಲೆ.

ಅಷ್ಟರಲ್ಲಿ ತಮ್ಮನ ಹೆಂಡತಿ ಕಾಕಾನ ಊಟ ತಂದರು. ಅಮ್ಮನ ವಯಸ್ಸಿನವರು. ತಟ್ಟೆ ಇಟ್ಟು, ಗೋಡೆಗೆ ಕೈಕೊಟ್ಟು ನಿಂತರು. ಮೂಗಿನ ಕೆಳಗೆ ಬೆವರು. ಏನಾಯಿತು ಅಂದೆ. "ಏನಿಲ್ಲ, ಮೆಟ್ಲು ಹತ್ತಿದ್ರೆ ಬೆನ್ನು ಹಿಡಿತದೆ. ಗ್ಯಾಸು." ಕೆಳಗೆ ಗಲ್ಲೆಯಲ್ಲಿ ಜನ ಇದ್ದಾರೆ ಅಂತ ಹೊರಟೇಬಿಟ್ಟರು.

ಎಲ್ಲರೂ ಕಾಪಾಡಿಕೊಂಡು ಬಂದ ಕಾಕಾನ ಮುಖವನ್ನು ನೋಡಿದೆ. ಹೇಳಿದರೆ ಏನಾದೀತೋ ಎಂಬ ಹೆದರಿಕೆ ನನಗೂ ಇತ್ತು. ಆದರೂ ಹೇಳಿದೆ. "ಕಾಕಾ, ಹಲ್ಲಿನ ನಂಜಲ್ಲ. ಕಾಕುವಿಗೆ ಹೃದಯದ ಕಾಯಿಲೆ ಇತ್ತು. ಇವರನ್ನು ನಾಳೆಯೇ ಡಾಕ್ಟರರಿಗೆ ತೋರಿಸಿ."

ಅವರಿಗೆ ಏನೂ ಆಗಲಿಲ್ಲ. ಅನ್ನಕ್ಕೆ ಹಾಕಿದ ಕೈ ಮಾತ್ರ ಅಲ್ಲೇ ನಿಂತಿತು. ಲೆಕ್ಕ ತಪ್ಪಿದವರ ಹಾಗೆ ಕೇಳಿದರು:

"ಅವಳಿಗಾ? ಹಾರ್ಟಿನ ಕಾಯಿಲೆ ಇದ್ದದ್ದು ನನಗಲ್ವಾ ಮಗಾ?"

"ನಾವೆಲ್ಲರೂ ಹಾಗೇ ಅಂದುಕೊಂಡಿದ್ದೆವು, ಕಾಕಾ," ಅಂದೆ.