ಹಗಲಲ್ಲಿ ಕಂಡ ಅರ್ಧಚಂದ್ರ

ರತ್ನಮ್ಮ, ಅಂದು ನೀನು ಹೇಳಿದ್ದೇ ಸರಿ. ತಪ್ಪು ನನ್ನದು. ನಿನ್ನಪ್ಪನ ಎದುರು ಸುಳ್ಳು ಹೇಳುವಾಗಲೇ ಅದು ನನಗೆ ಗೊತ್ತಿತ್ತು.

ನಾನು ಲೆಕ್ಕದ ಮೇಷ್ಟ್ರು. ಹೊಸೂರಿನ ನಮ್ಮ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವರು ಸೈನ್ಯ ಸೇರಿ ಯುದ್ಧಕ್ಕೆ ಹೋದ ಮೇಲೆ ಆ ಪಾಠವೂ ನನ್ನ ಪಾಲಿಗೆ ಬಂತು. ಚಂದ್ರ ಏಕೆ ಕ್ಷೀಣಿಸುತ್ತಾನೆ ಎಂದು ಹೇಳಬೇಕಾದ ದಿನ ನಾನು ಪುಸ್ತಕವನ್ನೇ ತೆರೆದಿರಲಿಲ್ಲ. "ಭೂಮಿಯ ನೆರಳು ಬೀಳುತ್ತೆ, ಅಷ್ಟೇ" ಎಂದುಬಿಟ್ಟೆ. ಎಲ್ಲರೂ ಬರೆದುಕೊಂಡರು. ನೀನು ಮಾತ್ರ ಎದ್ದು ನಿಂತು ಕಿಟಕಿಯ ಆಚೆ ಕೈ ತೋರಿಸಿದೆ.

"ಸಾರ್, ಅಗೋ ಅರ್ಧ ಚಂದ್ರ ಅವ್ನೆ. ಸೂರ್ಯನೂ ಮೇಲೇ ಅವ್ನೆ. ಭೂಮಿ ನಮ್ ಕಾಲ್ ಕೆಳಗೈತೆ. ಮಧ್ಯಕ್ಕೇ ಬರ್ದೆ ಅದ್ರ ನೆರಳು ಹೆಂಗೆ ಬಿತ್ತು?"

ಹುಡುಗರು ನಕ್ಕರು — ನಿನ್ನನ್ನು ನೋಡಿಯೋ, ನನ್ನನ್ನು ನೋಡಿಯೋ... ನನ್ನನ್ನೇ ಎಂದುಕೊಂಡೆ. ನಿನ್ನನ್ನು ಹೊರಗೆ ನಿಲ್ಲಿಸಿ, ನಿಮ್ಮೂರು ಸಾನಮಾವಿಗೆ, ನಿನ್ನಪ್ಪನಿಗೆ ಹೇಳಿಕಳಿಸಿದೆ.

ಸಂಜೆ ಪುಸ್ತಕ ತೆಗೆದೆ. ಚಂದ್ರನ ಒಂದು ಅರ್ಧ ಸದಾ ಬಿಸಿಲಲ್ಲೇ ಇರುತ್ತದೆ. ಅವನು ನಮ್ಮನ್ನು ಸುತ್ತುವಾಗ ಆ ಬೆಳಗಿದ ಭಾಗ ನಮಗೆ ಹೆಚ್ಚೋ ಕಡಿಮೆಯೋ ಕಾಣುತ್ತದೆ. ಭೂಮಿಯ ನೆರಳು ಬೀಳುವುದು ಗ್ರಹಣದಲ್ಲಿ ಮಾತ್ರ. ಅರ್ಧ ಪುಟದಷ್ಟೂ ಇಲ್ಲದ ವಿಷಯ.

ಮರುದಿನ ನಿನ್ನಪ್ಪ ಬಂದರು. ಹೆಣ್ಣುಮಗಳನ್ನು ಹೈಸ್ಕೂಲಿಗೆ ಸೇರಿಸುವಾಗಲೇ ಅವರು, ಒಂದು ದೂರು ಬಂದರೂ ಬಿಡಿಸುತ್ತೇನೆ ಎಂದಿದ್ದರು. ಅದೂ ನನಗೆ ಗೊತ್ತಿತ್ತು.

"ನಮ್ ಹುಡ್ಗಿ ಹೇಳಿದ್ದು ತಪ್ಪಾ ಸ್ವಾಮಿ?" ಎಂದು ಕೇಳಿದರು. ಎಷ್ಟು ನೇರವಾದ ಪ್ರಶ್ನೆ! ಪಕ್ಕದಲ್ಲಿ ನೀನು ನನ್ನ ಮುಖವನ್ನೇ ನೋಡುತ್ತಿದ್ದೆ.

"ತಪ್ಪು. ಸಾಲದ್ದಕ್ಕೆ ಎದುರು ಮಾತು" ಎಂದೆ.

ನೀನು ಅಳಲಿಲ್ಲ. ಚೀಲ ತೆಗೆದುಕೊಂಡು ಅವರ ಹಿಂದೆ ನಡೆದೆ. ಆ ವರ್ಷವೇ ನಿನ್ನ ಮದುವೆಯಾಯಿತೆಂದು ಯಾರೋ ಹೇಳಿದರು.

ಮುಂದಿನ ವರ್ಷದಿಂದ ಆ ಪಾಠವನ್ನು ಸರಿಯಾಗಿಯೇ ಮಾಡಿದೆ — ನಿನ್ನ ಪ್ರಶ್ನೆಯಿಂದಲೇ ಶುರುಮಾಡಿ. ಎಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತೀರಿ ಎಂದು ಹೆಡ್‌ಮಾಸ್ಟರು ಹೊಗಳಿದರು. ಪ್ರಶ್ನೆ ನಿನ್ನದೆಂದು ನಾನು ಹೇಳಲಿಲ್ಲ.

ಕೆಲವು ವರ್ಷಗಳಾದ ಮೇಲೆ ಸೂಳಗಿರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನೀನೇ ಗುರುತು ಹಿಡಿದೆ. ಕಂಕುಳಲ್ಲಿ ಮಗು. ಬಗ್ಗಿ ಕಾಲು ಮುಟ್ಟಿದೆ.

"ಚೆನ್ನಾಗಿದೀರಾ ಸಾರ್? ಆವಾಗ ನನ್ಗೆ ಬುದ್ಧಿ ಇರ್ಲಿಲ್ಲ. ತಪ್ ತಪ್ಪಾಗಿ ಏನೇನೋ ಕೇಳ್ಬುಟ್ಟೆ, ಮನಸ್ಸಿಗೆ ಹಾಕ್ಕೋಬೇಡಿ" ಎಂದೆ.

ಇಷ್ಟು ವರ್ಷವೂ ನೀನು ಅದನ್ನೇ ನಂಬಿಕೊಂಡಿದ್ದೆ! "ಇಲ್ಲಮ್ಮ, ನೀನೇ ಸರಿ" — ಮೂರೇ ಮಾತು. ಅದನ್ನು ಬಿಟ್ಟು, ಬಸ್ಸು ಹೊರಡುತ್ತದೆ ಎಂದು ಹೇಳಿ ಹತ್ತಿ ಕುಳಿತೆ. ನಿನ್ನ ಗಂಡನ ಊರು ಯಾವುದೆಂದು ಸಹ ಕೇಳಲಿಲ್ಲ. ಈಗ ಈ ಕಾಗದವನ್ನು ಎಲ್ಲಿಗೆ ಕಳಿಸಲಿ?

ಬಸ್ಸು ಅರ್ಧ ಗಂಟೆ ಹೊರಡಲೇ ಇಲ್ಲ. ಮೇಷ್ಟ್ರು ಹೋಗುವ ತನಕ ತಾನು ಹೋಗಬಾರದೆಂದು ನೀನು ಮಗುವನ್ನೆತ್ತಿಕೊಂಡು ಬಿಸಿಲಲ್ಲಿ, ನನ್ನ ಕಿಟಕಿಯ ಕೆಳಗೇ ನಿಂತಿದ್ದೆ.